ಅಪರಿಚಿತ ಹಂದಿಗಳನ್ನು ಒಂದೇ ದೊಡ್ಡಿಯಲ್ಲಿ ಕೂಡಿಸುವ ಕ್ರಮ

ಬೇರೆ ಬೇರೆ ಕಡೆಗಳಲ್ಲಿ ಕೊಂಡ ಹಂದಿಗಳನ್ನು ಒಂದೇ ದೊಡ್ಡಿಗೆ ಹೊಡೆದು ಬಾಗಿಲಿಕ್ಕುವ ವಾಡಿಕೆಯುಂಟು. ಮರುದಿನ ಹರಿದ ಕಿವಿಗಳನ್ನು ಕಂಡು ಯಜಮಾನರು ಪ್ರಾಣಿಯ ದುಷ್ಟಸ್ವಭಾವವನ್ನು ಹಳಿಯುವರು. ದೋಷವು ಪ್ರಾಣಿಯದಕ್ಕಿಂತ ಕೂಡಿಸಿದ ರೀತಿಯದೇ ಹೆಚ್ಚು.

ಹಂದಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ಒಡನಾಡಿಯನ್ನು ಮುಖ್ಯವಾಗಿ ವಾಸನೆಯಿಂದ ಗುರುತಿಸುವುದು. ಪ್ರತಿಯೊಂದು ಗುಂಪಿನಲ್ಲಿಯೂ ಮೇಲು ಕೀಳೆಂಬ ಕ್ರಮವುಂಟು. ಅದು ಒಮ್ಮೆ ನೆಲೆಗೊಂಡರೆ ಮೇಲಿನದು ತಲೆಯೆತ್ತಿ ಬೆದರಿಸಿದರೆ ಸಾಕು, ಕೆಳಗಿನದು ದಾರಿ ಬಿಡುವುದು. ಎಳೆಯ ಮರಿಗಳು ಕೂಡ ಸೂಜಿಯಂತಹ ಹಲ್ಲುಗಳೊಡನೆ ಹುಟ್ಟಿ, ಕೆಲವೇ ದಿನಗಳಲ್ಲಿ ಕಾದಾಡಿ ತಮ್ಮ ತಮ್ಮ ಮೊಲೆಯನ್ನು ಗೊತ್ತುಮಾಡಿಕೊಳ್ಳುವುವು.

ಅಪರಿಚಿತ ಹಂದಿಗಳು ಕೂಡಿದಾಗ ಈ ಕ್ರಮವು ಹೊಸದಾಗಿ ನಿರ್ಣಯವಾಗಬೇಕು. ಮೊದಲು ಮೂಸುವುವು, ಬಳಿಕ ಭುಜಕ್ಕೆ ಭುಜವೊತ್ತಿ ಸುತ್ತುವುವು, ತಲೆಯಿಂದ ಗುದ್ದಿ ಕಿವಿ ಕುತ್ತಿಗೆಗಳನ್ನು ಕಚ್ಚುವುವು. ಮೊದಲ ಕೆಲವು ಗಂಟೆಗಳೇ ಅತ್ಯಂತ ಉಗ್ರವಾದುವು. ಒಂದೆರಡು ದಿನಗಳಲ್ಲಿ ಕಲಹವು ಬಹುಮಟ್ಟಿಗೆ ಅಡಗುವುದು. ಗಾಯದ ಸ್ಥಾನವನ್ನು ನೋಡಿ ತಿಳಿಯತಕ್ಕದ್ದು ಬಹಳ ಇದೆ. ಮುಂಭಾಗದಲ್ಲಿ ಗಾಯವಿದ್ದರೆ ಎದುರುಬದುರಾಗಿ ಹೋರಾಡಿದೆ ಎಂದರ್ಥ. ಹಿಂಭಾಗದಲ್ಲಿದ್ದರೆ ಸೋತು ಓಡುವಾಗ ತಪ್ಪಿಸಿಕೊಳ್ಳಲು ಸ್ಥಳ ದೊರೆಯಲಿಲ್ಲವೆಂದೇ ಭಾವಿಸಬಹುದು. ಮೂರನೆಯ ದಿನವೂ ಹಿಂಭಾಗದಲ್ಲಿ ಹೊಸ ಗಾಯಗಳು ಕಂಡುಬಂದರೆ ದೊಡ್ಡಿ ಇಕ್ಕಟ್ಟಾಗಿದೆಯೇ, ಮೇವಿನ ಬಾನಿ ಚಿಕ್ಕದೇ ಎಂದು ವಿಚಾರಿಸತಕ್ಕದ್ದು.

ಮೈಗೆ ಎಣ್ಣೆಯನ್ನೋ ಫಿನೈಲನ್ನೋ ಬಳಿದು ವಾಸನೆಯನ್ನು ಮರೆಸಿದರೆ ಜಗಳವು ಮುಂದಕ್ಕೆ ಹೋಗಬಹುದೇ ಹೊರತು ನಿಲ್ಲದು. ಹೊಸ ಪ್ರಾಣಿಗಳನ್ನು ಮೊದಲು ದೂರದಲ್ಲಿಡುವುದು ರೋಗಭಯದಿಂದಲೂ ಅವಶ್ಯಕ. 2020ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರಕ್ಕೆ ಚಿಕಿತ್ಸೆಯಿಲ್ಲ. ಆ ಅವಧಿ ಮುಗಿದ ಮೇಲೆ ಕಂಬಿಯ ಅಡ್ಡವಿಟ್ಟು ಕೆಲವು ದಿನ ಪಕ್ಕದಲ್ಲಿರಿಸಿದರೆ ಪರಸ್ಪರ ಮೂಸಿ ಅರಿತುಕೊಳ್ಳುವುವು. ಹಂದಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅತ್ಯಲ್ಪ. ಬಿಸಿಲಿನಲ್ಲಿ ಕಾದಾಡಿದ ಹಂದಿಯು ಗಾಯದಿಂದಲ್ಲ, ತಾಪದಿಂದಲೇ ಸಾಯಬಹುದು. ಆದಕಾರಣ ಸಂಜೆಯ ತಂಪಿನಲ್ಲಿ, ಹೊಟ್ಟೆತುಂಬ ಮೇವಿಟ್ಟು, ಧಾರಾಳವಾಗಿ ಹುಲ್ಲು ಹಾಸಿ ಕೂಡಿಸಬೇಕು. ಸೋತದ್ದು ಅವಿತುಕೊಳ್ಳಲು ಒಂದು ಮೋಟುಗೋಡೆಯಿದ್ದರೆ ಇನ್ನೂ ಉತ್ತಮ. ಗಾಯಗೊಂಡದ್ದನ್ನು ಬಹುದಿನ ಬೇರೆಯಿರಿಸಿ ಮರಳಿ ಬಿಟ್ಟರೆ ಅದನ್ನೂ ಹೊಸದೆಂದೇ ಎಣಿಸಿ ಮೇಲೆ ಬೀಳುವುವು.

ಹೆಣ್ಣುಹಂದಿಗಳ ವಿಷಯದಲ್ಲಿ ಎಚ್ಚರಿಕೆ ಹೆಚ್ಚು. ಗಂಡಿನೊಡನೆ ಕೂಡಿದ ಮೊದಲ ನಾಲ್ಕು ವಾರಗಳಲ್ಲಿ ಪಿಂಡವು ಗರ್ಭಕೋಶಕ್ಕೆ ಅಂಟಿಕೊಂಡು ನೆಲೆಗೊಳ್ಳುವುದರಿಂದ, ಆಗಿನ ಕಲಹದಿಂದ ಗರ್ಭವು ನಷ್ಟವಾಗಬಹುದು. ಐರೋಪ್ಯ ಒಕ್ಕೂಟದಲ್ಲಿ 2013ರಿಂದ ಗರ್ಭದ ಹಂದಿಗಳನ್ನು ಗುಂಪಿನಲ್ಲಿ ಸಾಕಬೇಕೆಂಬ ನಿಯಮವಿದ್ದರೂ, ಈ ನಾಲ್ಕು ವಾರಗಳಿಗೆ ಅದು ಅನ್ವಯಿಸುವುದಿಲ್ಲ. ಮರಿಗಳನ್ನು ಹಾಲು ಬಿಡಿಸಿದೊಡನೆ, ಗಂಡಿಗೆ ಬಿಡುವ ಮುನ್ನವೇ ತಾಯಂದಿರನ್ನು ಕೂಡಿಸಿ ಜಗಳ ತೀರಿಸುವುದು ಒಂದು ಉಪಾಯ.

ಮಾಂಸಕ್ಕೆ ಸಾಗಿಸುವ ದಿನ ಬೇರೆ ಬೇರೆ ದೊಡ್ಡಿಗಳ ಹಂದಿಗಳನ್ನು ಒಂದೇ ಗಾಡಿಗೆ ಏರಿಸುವವರು ತಾವೇ ನಷ್ಟವನ್ನು ತಂದುಕೊಳ್ಳುವರು. ಕಾದಾಡಿ ಬಳಲಿದ ಪ್ರಾಣಿಯ ಸ್ನಾಯುಗಳಲ್ಲಿ ಶೇಖರವಾಗಿದ್ದ ಸಕ್ಕರೆಯ ಅಂಶವು ತೀರಿಹೋಗಿ, ಮಾಂಸವು ಕಪ್ಪಾಗಿ ಗಟ್ಟಿಯಾಗುವುದು, ಬೇಗ ಕೆಡುವುದು, ಚರ್ಮದ ಮೇಲಿನ ಕಚ್ಚುಗಾಯಗಳನ್ನು ಕಂಡು ಕೊಳ್ಳುವವನು ಬೆಲೆಯನ್ನೂ ಇಳಿಸುವನು.