ಸಮುದ್ರದ ದಡದಲ್ಲೇ ಮರುಭೂಮಿ

ದಕ್ಷಿಣ ಅಮೆರಿಕದ ಚಿಲಿ ದೇಶದ ಉತ್ತರ ತುದಿಯಲ್ಲಿ ಅರೀಕಾ ಎಂಬ ರೇವುಪಟ್ಟಣವಿದೆ. ಎದುರಿಗೆ ಕಣ್ಣು ಹಾಯುವಷ್ಟು ದೂರವೂ ಪೆಸಿಫಿಕ್ ಸಾಗರ. ಬೆನ್ನಿಗೆ ಅಟಕಾಮ ಮರುಭೂಮಿ. ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 1 ಮಿಲಿಮೀಟರ್ ಮಳೆಯೂ ಆಗುವುದಿಲ್ಲ. 1903ರ ಅಕ್ಟೋಬರಿನಿಂದ 1918ರ ಜನವರಿಯವರೆಗೆ ಅಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. ಆ ಅವಧಿಯ ಮೊದಲಿಗೆ ಹುಟ್ಟಿದ ಮಗು ಹೈಸ್ಕೂಲಿನ ವಯಸ್ಸಿಗೆ ಬಂದ ಮೇಲೆಯೇ ಮಳೆಯನ್ನು ಕಂಡಿರಬೇಕು! ಅದೇ ಅಕ್ಷಾಂಶದಲ್ಲಿರುವ ಬ್ರೆಜಿಲಿನ ಪೂರ್ವ ಕರಾವಳಿಯಲ್ಲಾದರೋ ವರ್ಷಕ್ಕೆ 1,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಎರಡು ಕಡೆಗೂ ಸೂರ್ಯನೊಬ್ಬನೇ. ಕಿರಣಗಳ ಓರೆಯೂ ಒಂದೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಇಂದಿನ ಬಿಸಿಲು, ನಾಳೆಯ ಮಳೆ, ಇವು ಹವೆಯ ಮಾತು. ಹಲವು ದಶಕಗಳ ಹವೆಯ ಸರಾಸರಿ ನಡತೆಯೇ ವಾಯುಗುಣ. ರಷ್ಯದಲ್ಲಿ ಹುಟ್ಟಿದ ವಿಜ್ಞಾನಿ ವ್ಲಾಡಿಮಿರ್ ಕೊಪೆನ್ 1900ರಲ್ಲಿ ಜಗತ್ತಿನ ವಾಯುಗುಣಗಳನ್ನು ವಿಂಗಡಿಸಲು ಸಸ್ಯಗಳನ್ನೇ ಸಾಕ್ಷಿಗೆ ಕರೆದನು. ಉಷ್ಣವಲಯದ್ದು, ಶುಷ್ಕ, ಸಮಶೀತೋಷ್ಣ, ಕಡುಚಳಿಗಾಲದ್ದು, ಧ್ರುವೀಯ ಎಂಬ ಅವನ ಐದು ಗುಂಪುಗಳು ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿವೆ. ಇದು ಜಾಣ ಉಪಾಯವೆಂದೇ ನಮ್ಮ ಎಣಿಕೆ. ಉಷ್ಣಮಾಪಕವನ್ನು ಓದಲು ಮನುಷ್ಯ ಬೇಕು. ಮರವಾದರೋ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ.

ಚಕ್ರಕ್ಕೆ ಗಾಳಿ ತುಂಬುವಾಗ ಸೈಕಲ್ ಪಂಪಿನ ಬುಡ ಕೈಗೆ ಬೆಚ್ಚಗೆ ತಾಗುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಮೇಲೇರುವ ಗಾಳಿಯ ಮೇಲೆ ಒತ್ತಡ ಕಡಿಮೆಯಾಗುತ್ತ ಹೋಗುವುದರಿಂದ ಅದು ಹಿಗ್ಗಿ, ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುತ್ತದೆ. ಸಾಕಷ್ಟು ತಣಿದೊಡನೆ ಅದರೊಳಗಿನ ಆವಿ ಹನಿಗಟ್ಟುತ್ತದೆ. ಆಗ ಹೊರಬೀಳುವ ಗುಪ್ತೋಷ್ಣದಿಂದ ತಣಿಯುವ ವೇಗ ತಗ್ಗಿ, ಗಾಳಿ ಇನ್ನಷ್ಟು ಮೇಲಕ್ಕೇರಲು ಅನುಕೂಲವಾಗುತ್ತದೆ. ಇಳಿಯುವ ಗಾಳಿಯ ಕಥೆ ಇದಕ್ಕೆ ತಿರುಗುಮುರುಗು: ಅದು ಬಿಸಿಯಾಗುತ್ತ, ಇದ್ದ ಮೋಡವನ್ನೂ ಕರಗಿಸಿಬಿಡುತ್ತದೆ. ಭೂಮಧ್ಯರೇಖೆಯ ಬಳಿ ಏರಿ ಮಳೆ ಸುರಿಸಿದ ಗಾಳಿ ಉತ್ತರ ದಕ್ಷಿಣಗಳೆರಡರಲ್ಲೂ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಸಹಾರ, ಅರೇಬಿಯ, ಕಲಹಾರಿ ಮರುಭೂಮಿಗಳು ಹರಡಿರುವುದು ಇಂಥ ಇಳಿಗಾಳಿಯ ಅಡಿಯಲ್ಲಿಯೇ.

ಅರೀಕಾದ ಮೇಲೂ ಗಾಳಿ ಇಳಿಯುತ್ತದೆ. ಜೊತೆಗೆ ಅದರ ಪೂರ್ವಕ್ಕೆ ಆಂಡೀಸ್ ಪರ್ವತ ಅಡ್ಡನಿಂತಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಗಾಳಿ ಪರ್ವತವನ್ನೇರುವಾಗಲೇ ನೀರಿಳಿಸಿ ಹಗುರಾಗುತ್ತದೆ. ನಮ್ಮ ಪಶ್ಚಿಮ ಘಟ್ಟಗಳು ಮಾಡುವುದೂ ಇದನ್ನೇ, ದಿಕ್ಕು ಮಾತ್ರ ಅದಲುಬದಲು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕೆ 200 ಕಿಲೋಮೀಟರಿನೊಳಗೇ ಇರುವ ಚಳ್ಳಕೆರೆಯಲ್ಲಿ 500ರ ಸುಮಾರು.

ಇನ್ನು ಪಶ್ಚಿಮದ ಸಾಗರ. ದಕ್ಷಿಣದಿಂದ ತೀರದುದ್ದಕ್ಕೂ ಹರಿದುಬರುವ ಹಂಬೋಲ್ಟ್ ಶೀತಪ್ರವಾಹವು ತನ್ನ ಮೇಲಿನ ಗಾಳಿಯನ್ನು ತಣಿಸಿ ಭಾರವಾಗಿಸುತ್ತದೆ. ಅದರ ಮೇಲೆ ಇಳಿದುಬಂದ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಕೆಳಗಿನ ಗಾಳಿಯಲ್ಲಿ ತೇವವುಂಟು, ಏರುವ ದಾರಿಯಿಲ್ಲ! ಆದ್ದರಿಂದ ಮಂಜು ಕವಿಯುತ್ತದೆಯೇ ಹೊರತು ಮಳೆ ಬೀಳದು. ಇದೇ ತೀರದಲ್ಲಿ ಬಹುದೂರ ದಕ್ಷಿಣಕ್ಕಿರುವ ಚುಂಗುಂಗೊ ಎಂಬ ಬೆಸ್ತರ ಹಳ್ಳಿಗೆ ಹಿಂದೆ ಕುಡಿಯುವ ನೀರು ಲಾರಿಯಲ್ಲಿ ಬರುತ್ತಿತ್ತು. 1992ರಿಂದ ಹಲವು ವರ್ಷ ಅಲ್ಲಿನ ಜನ ಗುಡ್ಡದ ಮೇಲೆ ದೊಡ್ಡ ಬಲೆಗಳನ್ನು ಕಟ್ಟಿ, ಅವುಗಳ ಎಳೆಗಳಲ್ಲಿ ಮಂಜು ಹನಿಗಟ್ಟಿ ತೊಟ್ಟಿಕ್ಕಿದ ನೀರನ್ನು ಕೊಳವೆಯಲ್ಲಿ ಊರಿಗಿಳಿಸಿಕೊಂಡರು.

ಪರ್ವತ ಕದಲದು, ಸಾಗರದ ಉಷ್ಣತೆ ಮಾತ್ರ ಏರಿಳಿಯುತ್ತಿರುತ್ತದೆ. 2015ರ ಮಾರ್ಚಿಯಲ್ಲಿ ಈ ತೀರದಾಚೆಯ ನೀರು ಎಂದಿಗಿಂತ ಬೆಚ್ಚಗಿತ್ತು. ಅದೇ ಸಮಯಕ್ಕೆ ಎತ್ತರದಲ್ಲಿ ತಂಪು ಗಾಳಿಯ ಸುಳಿಯೊಂದು ಬಂದು ನಿಂತಿತು. ಮುಚ್ಚಳ ಕಳಚಿತು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಮಳೆ ಕಾಣುವ ಆಂಟೊಫಗಾಸ್ತ ನಗರದಲ್ಲಿ ಒಂದೇ ದಿನ 20 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ನಮ್ಮ ಮಲೆನಾಡಿನವರಿಗೆ ಇದು ಲೆಕ್ಕಕ್ಕೇ ಬಾರದ ಮಳೆ. ನೀರು ಹಿಡಿದಿಡಲು ಗಿಡಮರಗಳಿಲ್ಲದ ಆ ಸೀಮೆಯಲ್ಲಾದರೋ ಒಣ ಹಳ್ಳಗಳು ಕೆಸರಿನ ಹೊನಲಾಗಿ ಊರುಗಳಿಗೆ ನುಗ್ಗಿದವು. ಮನೆಗಳು ಕೊಚ್ಚಿಹೋದವು, ಹಲವರು ಪ್ರಾಣ ಕಳೆದುಕೊಂಡರು. ಕೆಲವು ತಿಂಗಳು ಕಳೆಯುವುದರೊಳಗೆ, ಮಣ್ಣಿನಲ್ಲಿ ವರ್ಷಗಳಿಂದ ಕಾದಿದ್ದ ಬೀಜಗಳು ಮೊಳೆತು ಅದೇ ಮರುಭೂಮಿಯ ಅನೇಕ ಬಯಲುಗಳಲ್ಲಿ ಹೂ ಹಾಸಿದವು.