ಹಾಡಿದವರ ಪಾಲು

ಶ್ರಾವಣ ಮಾಸ ಬಂತೆಂದರೆ ಆನೆಕೊಂಡದಲ್ಲಿ ಹಾಡಿಗೆ ಬರವಿಲ್ಲ. ಹಿಂದೆ ದಾವಣಗೆರೆಯ ಹೊರಗಿನ ಹಳ್ಳಿಯಾಗಿದ್ದು ಇಂದು ನಗರದೊಳಗೇ ಸೇರಿಹೋಗಿರುವ ಈ ನೆಲೆಯಲ್ಲಿ ಪ್ರಾಚೀನವಾದ ಈಶ್ವರ ದೇವಾಲಯವೂ ಉಂಟು, ಬಸವೇಶ್ವರನ ಕಾರ್ಣಿಕದ ಉತ್ಸವವೂ ಉಂಟು. ಬೆಳಗಿನ ಜಾವ ಧ್ವನಿವರ್ಧಕವು ಸುಪ್ರಭಾತದಿಂದ ತೊಡಗಿ, ವಚನಗಳನ್ನೂ ದಾಸರ ಪದಗಳನ್ನೂ ದಾಟಿ, ಚಲನಚಿತ್ರದ ಭಕ್ತಿಗೀತೆಗಳಿಗೆ ಬಂದು ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತದೆ. ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ, ಅವರ ಕಂಠವಿದೆ. ಕೇಳಿ ತಲೆದೂಗುವವರು ಬಹಳ. ಆ ಹಾಡು ಮಾರಾಟವಾದಾಗ ಹಾಡಿದವರ ಕೈಗೆ ಏನು ಬಂತು ಎಂದು ವಿಚಾರಿಸುವವರು ಮಾತ್ರ ವಿರಳ.

ಈ ಪ್ರಶ್ನೆ ಹೊಲಗದ್ದೆಯ ಪ್ರಶ್ನೆಗಿಂತ ಬೇರೆಯಲ್ಲ. ಭೂಮಿಯನ್ನು ಗುತ್ತಿಗೆಗೆ ಕೊಟ್ಟವನು ಗೊತ್ತಾದ ಹಣವನ್ನು ಎಣಿಸಿಕೊಂಡು ಸುಮ್ಮನಾಗುತ್ತಾನೆ. ಬೆಳೆ ಹತ್ತು ಪಟ್ಟಾದರೂ ಅವನಿಗೆ ಅಷ್ಟೇ, ಒಣಗಿಹೋದರೂ ಅಷ್ಟೇ. ಕೋರಿಗೆ ಕೊಟ್ಟವನಾದರೋ ಸುಗ್ಗಿಯಲ್ಲಿ ಕಣಕ್ಕೆ ಬಂದು, ರಾಶಿಯ ಪಕ್ಕದಲ್ಲಿ ನಿಂತು, ತನ್ನ ಪಾಲನ್ನು ಅಳೆಸಿಕೊಳ್ಳುತ್ತಾನೆ. ಧ್ವನಿಮುದ್ರಣಕ್ಕೆ ಹಾಡುವವರ ಮುಂದೆಯೂ ಇರುವುದು ಇವೆರಡೇ ದಾರಿ. ಒಂದೇ ಸಲಕ್ಕೆ ಹಣ ಪಡೆದು ಹಾಡನ್ನು ಬಿಟ್ಟುಕೊಡುವುದು ಗುತ್ತಿಗೆ. ಮಾರಿದ ಪ್ರತಿಯೊಂದಕ್ಕೂ ಇಷ್ಟೆಂದು ಪಡೆಯುವುದು ಕೋರು. ಈ ಎರಡನೆಯದಕ್ಕೇ ರಾಯಲ್ಟಿಯೆಂದು ಹೆಸರು. (ದಾವಣಗೆರೆಯಿಂದ ಉತ್ತರಕ್ಕೆ ಸರಿದಂತೆ ಗುತ್ತಿಗೆಯನ್ನು 'ಲಾವಣಿ' ಎನ್ನುವುದುಂಟು, ಹಾಡಿನ ಒಂದು ಬಗೆಗೂ ಅದೇ ಹೆಸರು. ಶಬ್ದಗಳ ವಿನೋದ ಹೀಗಿದೆ.) ಒಂದೇ ವ್ಯತ್ಯಾಸ: ಹಾಡಿನ ಕಣದಲ್ಲಿ ರಾಶಿ ಅಳೆಯುವವರು ಕಂಪನಿಯವರೇ. ಗಾಯಕನು ಪಕ್ಕದಲ್ಲಿ ನಿಂತಿರಲಾರ.

ಗುತ್ತಿಗೆಯ ಕಾಲವೇ ಮೊದಲು ಬಂತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ತನ್ನ ಯಂತ್ರದೊಡನೆ ಕಲ್ಕತ್ತೆಗೆ ಬಂದಿಳಿದು ಗೌಹರ್ ಜಾನರ ಹಾಡನ್ನು ಮುದ್ರಿಸಿಕೊಂಡನು. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ಅದು ಜಂಭದ ಮಾತಲ್ಲ. ಮೂಲಮುದ್ರಿಕೆಗಳು ಹಡಗನ್ನೇರಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಿತ್ತು. ಭಾಷೆಯರಿಯದ ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ಗುರುತು ಸಿಗಬೇಕಿತ್ತು. ಆಕೆಯ ತಟ್ಟೆಗಳು ಸುಮಾರು ಆರುನೂರಾದುವು. ಬೆಂಕಿಪೊಟ್ಟಣದ ಮೇಲೂ ಆಕೆಯ ಚಿತ್ರ ಬಂತು. ಆದರೆ ವ್ಯಾಜ್ಯಗಳಲ್ಲಿ ಸಂಪತ್ತೆಲ್ಲ ಕರಗಿ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಅರಸಿ ಮೈಸೂರಿಗೆ ಬಂದರು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಭಾರತದ ತಟ್ಟೆವ್ಯಾಪಾರಕ್ಕೆ ಅಡಿಗಲ್ಲಾದ ಕಂಠವು ತನ್ನ ಕೊನೆಯ ದಿನಗಳನ್ನು ಕಳೆದದ್ದು ಅರಮನೆಯ ಸಂಬಳದಲ್ಲಿ.

ಅದೇ ವೇಳೆಗೆ ಯುರೋಪಿನಲ್ಲಿ ಕೋರಿನ ಪದ್ಧತಿ ತಲೆಯೆತ್ತಿತ್ತು. 1902ರಲ್ಲಿ ಮಿಲಾನಿನಲ್ಲಿ ಹತ್ತು ಹಾಡು ಹಾಡಿದ ಕರೂಸೋ ಪಡೆದದ್ದು ಒಟ್ಟು ನೂರು ಪೌಂಡು. ಮರುವರ್ಷವೇ ತಮಾನ್ಯೋ ಎಂಬ ಮತ್ತೊಬ್ಬ ಇಟಲಿಯ ಗಾಯಕನು ಮುಂಗಡವನ್ನಲ್ಲದೆ, ಮಾರಿದ ಪ್ರತಿ ತಟ್ಟೆಯ ಮೇಲೂ ಪಾಲನ್ನು ಕೇಳಿ ಪಡೆದನು. ತಟ್ಟೆಯಲ್ಲಿ ಹಾಡಿ ರಾಯಲ್ಟಿ ಪಡೆದವರಲ್ಲಿ ಮೊದಲಿಗನೆಂದು ಅವನನ್ನೇ ಹೆಸರಿಸುತ್ತಾರೆ.

ಕನ್ನಡನಾಡಿನಲ್ಲಿ ಗುತ್ತಿಗೆಯ ರೂಢಿ ಗಟ್ಟಿಯಾಗಿ ಬೇರೂರಲು ನಾಟಕ ಕಂಪನಿಗಳ ಸಂಪ್ರದಾಯವೂ ಒಂದು ಕಾರಣವೆನ್ನಬಹುದು. ಚಿಂದೋಡಿ ವೀರಪ್ಪನವರು ಕಟ್ಟಿದ, ಮುಂದೆ ಅವರ ಮಗಳು ಚಿಂದೋಡಿ ಲೀಲಾ ಅವರಿಂದ ನಾಡಿನಾದ್ಯಂತ ಹೆಸರಾದ ಕೆ.ಬಿ.ಆರ್. ನಾಟಕ ಕಂಪನಿಯ ತವರು ದಾವಣಗೆರೆಯೇ. ವೃತ್ತಿರಂಗಭೂಮಿಯಲ್ಲಿ ನಟನಿಗೆ ಸಂಬಳ, ಕಂಪನಿಯ ಮಾಲಿಕನಿಗೆ ಗಲ್ಲಾಪೆಟ್ಟಿಗೆ. ರಾತ್ರಿಯೆಲ್ಲ 'ಒನ್ಸ್ ಮೋರ್' ಕೂಗಿಸಿಕೊಂಡು ಒಂದೇ ಹಾಡನ್ನು ಮೂರು ಸಲ ಹಾಡಿದವನಿಗೂ ಸಂಬಳದಲ್ಲಿ ಹೆಚ್ಚುಕಡಿಮೆಯಿಲ್ಲ. ಆ ಅಭ್ಯಾಸದಲ್ಲಿ ಬೆಳೆದವರಿಗೆ, ಮೂರು ನಿಮಿಷ ಹಾಡಿ ರೊಕ್ಕ ಎಣಿಸಿಕೊಂಡು ರೈಲು ಹತ್ತುವುದು ಅನ್ಯಾಯವೆಂದು ತೋರದಿದ್ದರೆ ಆಶ್ಚರ್ಯವಲ್ಲ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳ ಮೇಲೆ ಅವರ ಪ್ರಸಿದ್ಧ ಹೆಸರು ಕೂಡ ಇರಲಿಲ್ಲ. ಹುಬ್ಬಳ್ಳಿಯ ಗಾಂಧಾರಿಯೆಂದು ಅಚ್ಚಾಗಿತ್ತು.

ಕಾನೂನು ಸಹ ಹಾಡುವವರ ಕಡೆಗೆ ನೋಡಿರಲಿಲ್ಲ. 1957ರಲ್ಲಿ ರಚಿತವಾಗಿ 1958ರ ಜನವರಿ 21ರಿಂದ ಜಾರಿಗೆ ಬಂದ ಭಾರತದ ಕೃತಿಸ್ವಾಮ್ಯ ಕಾಯಿದೆಯು ತಟ್ಟೆಯ 'ಕರ್ತೃ' ಯಾರೆಂಬುದಕ್ಕೆ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ: ಯಾವ ಮೂಲ ಪ್ಲೇಟಿನಿಂದ ತಟ್ಟೆಗಳನ್ನು ಒತ್ತುತ್ತಾರೋ ಆ ಪ್ಲೇಟಿನ ಒಡೆಯನೇ ಕರ್ತೃ. ಸಾಹಿತ್ಯ ಬರೆದವನಿಗೆ ಒಂದು ಹಕ್ಕಿತ್ತು, ಸ್ವರ ಹಾಕಿದವನಿಗೆ ಒಂದು ಹಕ್ಕಿತ್ತು, ಪ್ಲೇಟಿನ ಒಡೆಯನಿಗೆ ಒಂದು ಹಕ್ಕಿತ್ತು. ಹಾಡಿದವನಿಗೆ ಒಪ್ಪಂದದಲ್ಲಿ ಏನು ಬರೆದಿದೆಯೋ ಅಷ್ಟೇ. ಪ್ರದರ್ಶಕನ ಹಕ್ಕೆಂಬುದು ನಮ್ಮ ಕಾನೂನಿನೊಳಗೆ ಕಾಲಿಟ್ಟದ್ದು 1995ರ ಮೇ 10ರಂದು. ಗೌಹರ್ ಜಾನರ ಮೊದಲ ತಟ್ಟೆಗೂ ಅದಕ್ಕೂ ತೊಂಬತ್ತೆರಡು ವರ್ಷಗಳ ಅಂತರ.

ರಾಯಲ್ಟಿಯ ಕರಾರು ಮಾಡಿಕೊಂಡ ಮಾತ್ರಕ್ಕೆ ಗಾಯಕನ ಮನೆ ತುಂಬಿತೆಂದು ತಿಳಿಯಬಾರದು. ಆನೆಕೊಂಡದ ಒಬ್ಬ ಭಜನೆಯ ಗಾಯಕ ಒಂದು ಸಂಪುಟವನ್ನು ಹೊರತಂದನೆಂದು ಕಲ್ಪಿಸಿಕೊಳ್ಳೋಣ. ಬೆಲೆ 100 ರೂಪಾಯಿ. ಗಾಯಕನ ಪಾಲು ನೂರಕ್ಕೆ 8. ಮಾರಾಟ 1000 ಪ್ರತಿ. ಎಂಟು ಸಾವಿರ ಬರಬೇಕೆಂದು ಯಾರಾದರೂ ಬೆರಳು ಮಡಿಚಿ ಹೇಳಿಯಾರು. ಆದರೆ ಪಾಶ್ಚಾತ್ಯ ಕಂಪನಿಗಳು ರೂಢಿಗೆ ತಂದ ಬಗೆಯ ಕರಾರಾದರೆ, ಹೊದಿಕೆಯ ಖರ್ಚೆಂದು ಬೆಲೆಯಲ್ಲಿ ನೂರಕ್ಕೆ 20ನ್ನು ಮೊದಲು ಕಳೆಯುತ್ತಾರೆ. ಉಳಿದದ್ದು 80 ರೂಪಾಯಿ, ಅದರಲ್ಲಿ ಪಾಲು 6 ರೂಪಾಯಿ 40 ಪೈಸೆ. ಅನಂತರ ಒಡಕಿನ ಲೆಕ್ಕ. ಹಳೆಯ ತಟ್ಟೆಗಳು ಅರಗಿನವು. ನಮ್ಮ ಕಾಡಿನ ಮರಗಳಿಂದ ಬಿಡಿಸಿದ ಅರಗೇ ಅವುಗಳ ಜೀವಾಳ. ಕೈಜಾರಿದರೆ ಹಪ್ಪಳದಂತೆ ಒಡೆಯುತ್ತಿದ್ದುವು. ಆದ್ದರಿಂದ ನೂರರಲ್ಲಿ ಹತ್ತು ದಾರಿಯಲ್ಲೇ ಒಡೆದುವೆಂದು ಬಗೆದು ತೊಂಬತ್ತಕ್ಕೆ ಮಾತ್ರ ಪಾಲು ಕೊಡುತ್ತಿದ್ದರು. ಅರಗು ಹೋಗಿ ಒಡೆಯದ ವಿನೈಲ್ ಬಂತು, ಕ್ಯಾಸೆಟ್ಟು ಬಂತು. ಒಡಕಿನ ಲೆಕ್ಕ ಮಾತ್ರ ಎಷ್ಟೋ ಕರಾರುಗಳಲ್ಲಿ ಒಡೆಯದೆ ಉಳಿಯಿತು! ಹಾಗಾಗಿ ನಮ್ಮ ಗಾಯಕನಿಗೆ 900 ಪ್ರತಿಗಳ ಮೇಲೆ 5760 ರೂಪಾಯಿ. ಅದಾದರೂ ಕೈಗೆ ಬಂತೇ? ಮೊದಲೇ ಕೊಟ್ಟ ಮುಂಗಡ 10,000, ಅವನ ಲೆಕ್ಕಕ್ಕೆ ಹಾಕಿದ ಮುದ್ರಣಾಲಯದ ಖರ್ಚು 30,000. ವರ್ಷದ ಕೊನೆಗೆ ಬರುವ ಲೆಕ್ಕದ ಕಾಗದದಲ್ಲಿ ಅವನ ಹೆಸರಿನ ಮುಂದೆ 34,240 ರೂಪಾಯಿ ಬಾಕಿ. ಈ ಬಾಕಿಯನ್ನು ಸಾಮಾನ್ಯವಾಗಿ ಗಾಯಕನ ಜೇಬಿನಿಂದ ವಸೂಲು ಮಾಡುವುದಿಲ್ಲವೆಂಬುದು ನಿಜ. ಮುಂದಿನ ಮಾರಾಟದ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ.

ಪಾಲು ಸರಿಯಾಗಿ ಹರಿದುಬಂದರೆ ಅದು ಎಂಥ ಕೆಲಸ ಮಾಡಬಲ್ಲದೆಂಬುದಕ್ಕೆ ಆನೆಕೊಂಡದ ಬೆಳಗಿನ ಸುಪ್ರಭಾತವೇ ಸಾಕ್ಷಿ. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ ಹೊರಬಂದದ್ದು 1963ರಲ್ಲಿ. ಅದರ ರಾಯಲ್ಟಿಯನ್ನು ಅವರು ತಿರುಮಲ ತಿರುಪತಿ ದೇವಸ್ಥಾನದ ವೇದಪಾಠಶಾಲೆಗೆ ಬಿಟ್ಟುಕೊಟ್ಟರು. ಒಂದೇ ಸಲಕ್ಕೆ ಹಣ ಪಡೆದು ಬಂದಿದ್ದರೆ, ಹೀಗೆ ಹರಿಸಿಬಿಡಲು ಅವರ ಬಳಿ ತೊರೆಯೇ ಇರುತ್ತಿರಲಿಲ್ಲ. ಭಾರತದಲ್ಲಿ ಧ್ವನಿಮುದ್ರಿಕೆಯ ಸ್ವಾಮ್ಯದ ಅವಧಿ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಆ ಲೆಕ್ಕದಂತೆ ಈ ಮುದ್ರಿಕೆಯ ಅವಧಿ 2023ರ ಡಿಸೆಂಬರ್ 31ಕ್ಕೆ ತೀರಿದೆ.

ಭಾವಗೀತೆಯ ವಿಷಯ ಇನ್ನೂ ತೊಡಕಿನದು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದು ಪ್ರಸಿದ್ಧವಾದ 'ನಿತ್ಯೋತ್ಸವ' 1978ರಲ್ಲಿ ಬಂತು. ಕವಿತೆ ಕೆ.ಎಸ್. ನಿಸಾರ್ ಅಹಮದರದು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಇಂತಹ ಒಂದು ಕ್ಯಾಸೆಟ್ಟಿನಲ್ಲಿ ಕವಿಯ ಹಕ್ಕು, ಸಂಯೋಜಕನ ಹಕ್ಕು, ಗಾಯಕನ ಹಕ್ಕು, ಕಂಪನಿಯ ಹಕ್ಕು ಎಂದು ನಾಲ್ಕು ಎಳೆಗಳು ಹೆಣೆದುಕೊಂಡಿರುತ್ತವೆ. ವಚನಗಳನ್ನು ಹಾಡಿದ ಮಲ್ಲಿಕಾರ್ಜುನ ಮನ್ಸೂರರಿಗಾಗಲಿ ಬಸವರಾಜ ರಾಜಗುರುಗಳಿಗಾಗಲಿ ಈ ಪೈಕಿ ಒಂದು ತೊಡಕು ಕಡಿಮೆ: ಹನ್ನೆರಡನೆಯ ಶತಮಾನದ ಶರಣರಿಗೆ ಯಾರೂ ರಾಯಲ್ಟಿ ಕೊಡಬೇಕಾಗಿಲ್ಲ. ಶರಣರು ಕೇಳುತ್ತಲೂ ಇರಲಿಲ್ಲವೆನ್ನಿ.

ಈ ಎಳೆಗಳನ್ನು ಬಿಡಿಸುವ ಕೆಲಸ ನ್ಯಾಯಾಲಯಗಳಿಗೂ ಸುಲಭವಾಗಲಿಲ್ಲ. 1977ರಲ್ಲಿ ಚಲನಚಿತ್ರ ಸಂಗೀತದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಮಾಪಕರ ಪರವಾಗಿ ತೀರ್ಪಿತ್ತಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಪ್ರತ್ಯೇಕವಾಗಿ ಬರೆದ ಮಾತುಗಳಲ್ಲಿ, ನಮ್ಮ ಸಂಗೀತದಲ್ಲಿ ಹಾಡುವವನೇ ಪ್ರಧಾನನಾಗಿರುವಾಗ ಅವನಿಗೆ ಸ್ವಾಮ್ಯವಿಲ್ಲದಿರುವುದು ಭಾರತೀಯ ರೀತಿಗೆ ಹೊರತಾದದ್ದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಆ ಕೂಗು ಶಾಸನಸಭೆಯ ಕಿವಿಗೆ ಪೂರ್ತಿಯಾಗಿ ಬೀಳಲು ಮೂವತ್ತೈದು ವರ್ಷ ಬೇಕಾಯಿತು. 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಚಲನಚಿತ್ರಕ್ಕೆ ಹಾಡಿದವರಿಗೂ ತಮ್ಮ ಗಾಯನದ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕುಂಟು. ಹಾಡಿನೊಡನೆ ತಮ್ಮ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕೂ ಉಂಟು. ಗೌಹರ್ ಜಾನರು ತಾವೇ ಕೂಗಿ ಹೇಳಬೇಕಾಗಿದ್ದುದನ್ನು ಈಗ ಕಾನೂನು ಹೇಳುತ್ತಿದೆ. ಈ ಹಕ್ಕಿನ ಅವಧಿ 50 ವರ್ಷ. ಹಣವನ್ನು ಸಂಗ್ರಹಿಸಲು ಗಾಯಕರದೇ ಒಂದು ಸಂಘವೂ 2013ರಲ್ಲಿ ಸ್ಥಾಪನೆಯಾಯಿತು.

ಹಕ್ಕು ಬಂದ ಮೇಲೂ ಗೊಂದಲ ತಪ್ಪಲಿಲ್ಲ. ಕನ್ನಡಿಗರಿಗೆ ಮನೆಯವರಂತಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 2017ರಲ್ಲಿ ಅಮೆರಿಕದಲ್ಲಿ ಸಂಗೀತ ಪ್ರವಾಸದಲ್ಲಿದ್ದಾಗ, ತಮ್ಮ ರಚನೆಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಇಳಯರಾಜರಿಂದ ಅವರಿಗೆ ನೋಟೀಸು ಹೋಯಿತು. ತಾವೇ ಹಾಡಿ ಮನೆಮಾತಾಗಿಸಿದ ಹಾಡನ್ನು ಹಾಡಲು ತಮಗೇ ಅಪ್ಪಣೆ ಬೇಕೇ ಎಂದು ಸಾಮಾನ್ಯ ಶ್ರೋತೃವಿಗೆ ಎನಿಸುವುದು ಸಹಜ. ಆದರೆ ಗಾಯಕನ ಹಕ್ಕು ತನ್ನ ಕಂಠದ ಮೇಲೆಯೇ ಹೊರತು ಸ್ವರರಚನೆಯ ಮೇಲಲ್ಲ.

ಇಷ್ಟರಲ್ಲಿ ಮಾರಾಟವೆಂಬ ಪದವೇ ಸವೆದುಹೋಗಿದೆ. ತಟ್ಟೆಯಿಲ್ಲ, ಕ್ಯಾಸೆಟ್ಟಿನ ಅಂಗಡಿಗಳು ಮುಚ್ಚಿವೆ. ಹಾಡು ಮೊಬೈಲಿನಲ್ಲಿ ಹರಿದುಬರುತ್ತದೆ. ಅಲ್ಲಿ ಲೆಕ್ಕ ಪ್ರತಿಗಳದ್ದಲ್ಲ, ಕೇಳಿಕೆಗಳದ್ದು. ಚಂದಾ ಮತ್ತು ಜಾಹೀರಾತುಗಳಿಂದ ಬಂದ ಹಣವನ್ನು ಒಂದೆಡೆ ಕೂಡಿಸಿ, ಒಟ್ಟು ಕೇಳಿಕೆಗಳಲ್ಲಿ ಯಾರ ಹಾಡಿನ ಭಾಗ ಎಷ್ಟೆಂದು ನೋಡಿ, ಹಾಡಿನ ಒಡೆತನವಿರುವ ಕಂಪನಿಗೆ ಕೊಡುತ್ತಾರೆ. ಕಂಪನಿಯಿಂದ ಗಾಯಕನಿಗೆ ಬರುವುದು ಮತ್ತೆ ಕರಾರಿನಂತೆಯೇ. ಕಲ್ಪನೆಯ ನಮ್ಮ ಭಜನೆ ಗಾಯಕನು ಕಂಪನಿಯ ಹಂಗಿಲ್ಲದೆ ತಾನೇ ಹಾಡನ್ನು ಏರಿಸಬಹುದು. ಆಗ ಪಾಲಿನಲ್ಲಿ ಹೆಚ್ಚಿನದು ಅವನದೇ. ಆದರೆ 2024ರಿಂದ ಸ್ಪಾಟಿಫೈ ಸಂಸ್ಥೆಯು ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಕೇಳಿಕೆಯನ್ನಾದರೂ ಮುಟ್ಟದ ಹಾಡಿಗೆ ರಾಯಲ್ಟಿಯ ಲೆಕ್ಕವನ್ನೇ ಹಿಡಿಯುತ್ತಿಲ್ಲ. ಕಾರ್ಣಿಕದ ದಿನ ಧ್ವನಿವರ್ಧಕದಲ್ಲಿ ಕೇಳಿದವರೆಲ್ಲ ಸೇರಿ ಒಂದು ಕೇಳಿಕೆ.