ಮಲೆನಾಡಿನ ಕಡವೆ: ಮುಂಜಾವಿನ ಸಂಚಾರ ಮತ್ತು ಹವಾಮಾನ

ಭಾರತದ ಜಿಂಕೆ ಜಾತಿಗಳಲ್ಲಿ ಅತ್ಯಂತ ದೊಡ್ಡದಾದ ಕಡವೆಯು ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅರಣ್ಯಗಳ ಮುಖ್ಯ ಪ್ರಾಣಿಗಳಲ್ಲೊಂದು. ಸಿಂಹಳದ ಬ್ರಿಟಿಷ್ ಬೇಟೆಗಾರರು ಇದನ್ನೇ 'ಎಲ್ಕ್' ಎಂದು ಕರೆದರು. ಉತ್ತರ ದೇಶಗಳ ಎಲ್ಕ್ ಬೇರೆಯೇ ಪ್ರಾಣಿ. 2008ರಿಂದ ಕಡವೆಯು ಅಪಾಯಕ್ಕೆ ಗುರಿಯಾಗಬಲ್ಲ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಈ ಸೀಮೆಯ ಭೂರಚನೆಯು ಕಡವೆಯ ದಿನಚರಿಯನ್ನು ರೂಪಿಸಿದೆ. ಕಣಿವೆಯ ತಳದಲ್ಲಿ ಗದ್ದೆ, ಅಡಿಕೆ ತೋಟ, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಇರುಳಿನಲ್ಲಿ ಮೇಯಲು ಇಳಿದ ಕಡವೆಯು ನಸುಕಿನಲ್ಲಿ ಮರೆಯನ್ನು ಅರಸಿ ಮೇಲೇರುತ್ತದೆ.

ಈ ಮರಳುವಿಕೆಯಲ್ಲಿ ಗಾಳಿಯ ಪಾತ್ರ ಗಮನಾರ್ಹವಾದುದು. ನಿರ್ಮಲ ರಾತ್ರಿಗಳಲ್ಲಿ ತಣಿದ ಗಾಳಿ ಭಾರವಾಗಿ ಬೆಟ್ಟದಿಂದ ಕಣಿವೆಗೆ ಇಳಿಯುತ್ತದೆ. ಬಿಸಿಲೇರಿದಂತೆ ಇಳಿಜಾರು ಕಾದು ಗಾಳಿ ಮೇಲ್ಮುಖವಾಗುತ್ತದೆ. ಆದುದರಿಂದ ಸೂರ್ಯೋದಯಕ್ಕೆ ಮುನ್ನ ಏರುವ ಕಡವೆಗೆ ಮುಂದಿರುವ ಹುಲಿ, ಚಿರತೆ, ಕಾಡುನಾಯಿಗಳ ವಾಸನೆ ಎದುರುಗಾಳಿಯಲ್ಲಿಯೇ ದೊರೆಯುತ್ತದೆ. ತಡವಾದರೆ ಗಾಳಿ ಬೆನ್ನ ಕಡೆಯಿಂದ ಬೀಸುತ್ತದೆ. ಎದುರಿನ ಅಪಾಯ ತಿಳಿಯದು. ಮಂಜು ಕವಿದ ದಿನಗಳಲ್ಲಿ ನೆಲ ಕಾಯುವುದು ತಡವಾಗುವುದರಿಂದ ಈ ಬದಲಾವಣೆಯೂ ತಡವಾಗುತ್ತದೆ. ಕಡವೆಗೆ ಗದ್ದೆಯ ಅಂಚಿನಲ್ಲಿ ನಿಲ್ಲಲು ಹೆಚ್ಚಿನ ಅವಕಾಶ ದೊರೆಯುತ್ತದೆ.

ಮುಂಗಾರಿನ ಸ್ಥಿತಿ ಭಿನ್ನ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯಂತಹ ಪ್ರದೇಶದಲ್ಲಿ ಮಳೆಯ ಸದ್ದು ಶ್ರವಣಶಕ್ತಿಯನ್ನೂ, ದಿಕ್ಕು ಬದಲಿಸುವ ಗಾಳಿ ಘ್ರಾಣಶಕ್ತಿಯನ್ನೂ ಮಂಕಾಗಿಸುತ್ತವೆ. ಆದರೆ ಮೋಡ ಮುಸುಕಿದ ತಂಪಿನಲ್ಲಿ ಬಿಸಿಲಿನ ಬಾಧೆಯಿಲ್ಲ; ಮೇವೂ ನೀರೂ ಎಲ್ಲೆಡೆ ಲಭ್ಯ. ಬೇಸಗೆಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ದೊಡ್ಡ ಮೈಯ ಈ ಪ್ರಾಣಿ ಬೇಗನೆ ನೆರಳು ಸೇರಬೇಕು. ಹಳ್ಳಗಳು ಬತ್ತಿದಂತೆ ಉಳಿದ ನೀರಿನ ತಾಣಗಳ ಸುತ್ತಲೇ ಅದರ ಸಂಚಾರ ಕೇಂದ್ರೀಕೃತವಾಗುತ್ತದೆ.

ಈ ವಿವೇಚನೆ ಪ್ರಾಣಿಶಾಸ್ತ್ರಕ್ಕಷ್ಟೇ ಸೀಮಿತವಲ್ಲ. ಭತ್ತ ತೆನೆಗಟ್ಟಿ ಮಾಗುವ ಕಾಲ ಮತ್ತು ಮಂಜು ಬೀಳತೊಡಗುವ ಕಾಲ ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಇರುಳೆಲ್ಲ ಮಾಳದಲ್ಲಿ ಕಾವಲಿದ್ದ ರೈತ ಬೆಳಕು ಹರಿಯಿತೆಂದು ಮನೆಗೆ ಮರಳುವ ಹೊತ್ತಿನಲ್ಲಿಯೇ ಮಂಜಿನ ಮರೆಯಲ್ಲಿ ಬೆಳೆ ಹಾನಿಗೀಡಾಗಬಹುದು. ಸಣ್ಣ ಹಿಡುವಳಿದಾರನಿಗೆ ಅದು ವರ್ಷದ ಅನ್ನದ ಪ್ರಶ್ನೆ. ಶರಾವತಿ ಕಣಿವೆ (1972) ಮತ್ತು ಶೆಟ್ಟಿಹಳ್ಳಿ (1974) ಅಭಯಾರಣ್ಯಗಳ ಅಂಚಿನ ಗ್ರಾಮಗಳಲ್ಲಿ ಬೆಳೆಹಾನಿಯೊಂದಿಗೆ ಆ ಮುಂಜಾವಿನ ಮಂಜು, ಗಾಳಿ, ಮಳೆಗಳ ವಿವರವನ್ನೂ ದಾಖಲಿಸಿದಲ್ಲಿ ಕಾವಲಿನ ವೇಳೆಯನ್ನು ಋತುಮಾನಕ್ಕೆ ತಕ್ಕಂತೆ ನಿರ್ಧರಿಸುವುದು ಸಾಧ್ಯವಾಗುತ್ತದೆ. ಕಡವೆಯ ಉಳಿವು ಮತ್ತು ಕೃಷಿಕನ ಬದುಕು ಎರಡಕ್ಕೂ ಇದು ಹಿತಕರ.